ಪ್ರಾರ್ಥನೆಯೂ ಬಾಯಿಪಾಠ, ಎ ಬಿ ಸಿ ಡಿಯೂ ಬಾಯಿಪಾಠ: ಎಲ್.ಕೆ.ಜಿ. ಮಗು ನಿಜಕ್ಕೂ ಏನು ಕಲಿಯುತ್ತಿದೆ?

ಪ್ರಶ್ನೆ: ನಾವು ಮೂಲತಃ ಸಿರ್ಸಿ ಕಡೆಯವರು. ಗಂಡನ ಕೆಲಸದ ಸಲುವಾಗಿ ಈಗ ಕಾರವಾರದಲ್ಲಿದ್ದೇವೆ. ನಾಲ್ಕೂವರೆ ವರ್ಷದ ಮಗಳನ್ನು ಮನೆಗೆ ಹತ್ತಿರ ಅಂತ ಸಿಸ್ಟರ್‌ಗಳು ನಡೆಸುವ ಕ್ಯಾಥೊಲಿಕ್ ಶಾಲೆಯ ಎಲ್.ಕೆ.ಜಿ.ಗೆ ಸೇರಿಸಿದ್ದೇವೆ. ಖುಷಿಯಿಂದ ಹೋಗುತ್ತಾಳೆ. ಆದರೆ ಈಗೀಗ ಊಟಕ್ಕೆ ಕೂತರೆ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಹಾಕುತ್ತಾಳೆ. ಇಂಗ್ಲಿಷ್ ಪ್ರಾರ್ಥನೆ ಪೂರ್ತಿ ಹೇಳುತ್ತಾಳೆ. ಸಂಜೆ ದೀಪ ಹಚ್ಚಿದಾಗ ಅಜ್ಜಿ ಹೇಳಿಕೊಟ್ಟ ಶ್ಲೋಕದ ಕೊನೆಗೂ 'ಆಮೆನ್' ಸೇರಿಸುತ್ತಾಳೆ. 'ಮಗು ಕೈತಪ್ಪಿ ಹೋಗ್ತದೆ, ಶಾಲೆ ಬಿಡಿಸಿ' ಅಂತ ಅತ್ತೆ ಹೇಳುತ್ತಿದ್ದಾರೆ. ನನ್ನ ಚಿಂತೆ ಬೇರೆ. ಪುಸ್ತಕದ ಪುಟಗಳನ್ನು ಗಡಗಡ ಹೇಳುವ ಮಗಳು, ಒಂದು ಪದದ ಮೇಲೆ ಬೆರಳಿಟ್ಟು ಕೇಳಿದರೆ ಸುಮ್ಮನಾಗುತ್ತಾಳೆ. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗ ಓದುತ್ತಾನೆ. ಪ್ರಾರ್ಥನೆಗೆ ಕೊಡುವ ಸಮಯವನ್ನು ಓದಿಗೆ ಕೊಟ್ಟಿದ್ದರೆ ಆಗುತ್ತಿತ್ತೇನೋ. ಟ್ಯೂಷನ್ ಹಾಕಬೇಕಾ? ಮನೆಯಲ್ಲಿ ಇಂಗ್ಲಿಷ್ ಮಾತಾಡಬೇಕಾ?

ಉತ್ತರ: ಪ್ರಾರ್ಥನೆಯನ್ನು ಮಗು ಜಾಸ್ತಿ ಕಲಿತುಬಿಟ್ಟಿದೆ ಅನ್ನುವುದು ಅತ್ತೆಯವರ ಭಯ. ಓದನ್ನು ಕಡಿಮೆ ಕಲಿತಿದೆ ಅನ್ನುವುದು ನಿಮ್ಮ ಭಯ. ನನಗೆ ಇವೆರಡೂ ಒಂದೇ ಕಡೆಯಿಂದ ಬಂದ ಹಾಗೆ ಕಾಣುತ್ತದೆ. ನಿಮ್ಮ ಮಗಳು ಎರಡನ್ನೂ ಇನ್ನೂ ಕಲಿತಿಲ್ಲ. ಎರಡನ್ನೂ ಬಾಯಿಪಾಠ ಮಾಡಿದ್ದಾಳೆ, ಅಷ್ಟೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಈ ಕರಾವಳಿಯಲ್ಲೇ ಚಿಕ್ಕ ಮಕ್ಕಳಿಗೆ ಪಾಠ ಮಾಡಿ, ಆಮೇಲೆ ನರ್ಸರಿ ಟೀಚರ್‌ಗಳಿಗೆ ತರಬೇತಿ ಕೊಟ್ಟವಳು. ಮನೆಮಾತು ಕೊಂಕಣಿ, ಧರ್ಮ ಕ್ಯಾಥೊಲಿಕ್. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ 'ದೊತೊರ್ನ್' (ಧರ್ಮೋಪದೇಶದ ಪಾಠ) ಕೂಡ ಹೇಳಿಕೊಟ್ಟಿದ್ದೇನೆ. 'ಇವಳೂ ಆ ಕಡೆಯವಳೇ' ಅಂತ ನಿಮ್ಮ ಅತ್ತೆಗೆ ಅನ್ನಿಸಿದರೆ ತಪ್ಪೇನಿಲ್ಲ. ಆದರೆ ಶಾಲೆಯ ಪ್ರಾರ್ಥನೆಗೂ ಚರ್ಚಿನ ಧರ್ಮೋಪದೇಶಕ್ಕೂ ಏನು ವ್ಯತ್ಯಾಸ ಅನ್ನುವುದು ನನಗೆ ಒಳಗಿನಿಂದ ಗೊತ್ತು.

ನಾಳೆ ಹೀಗೆ ಮಾಡಿ ನೋಡಿ. ಮಗಳು 'ಅವರ್ ಫಾದರ್' ಅನ್ನುವ ಪ್ರಾರ್ಥನೆ ಹೇಳುವಾಗ ಹತ್ತಿರ ಕೂತು ಕಿವಿಗೊಟ್ಟು ಕೇಳಿ. ಶುರುವಿನಲ್ಲೇ 'ಹ್ಯಾಲೋಡ್ ಬಿ ದೈ ನೇಮ್' (ನಿನ್ನ ಹೆಸರು ಪವಿತ್ರವಾಗಲಿ) ಅಂತ ಬರುತ್ತದೆ. ಈ ವಯಸ್ಸಿನ ಎಷ್ಟೋ ಮಕ್ಕಳ ಬಾಯಲ್ಲಿ ಅದು 'ಹಲೋ ಬಿ ದೈ ನೇಮ್' ಆಗಿರುತ್ತದೆ. ಕ್ಯಾಥೊಲಿಕ್ ಮನೆಯ ಮಕ್ಕಳದ್ದೂ ಅದೇ ಕಥೆ. ದೇವರಿಗೆ ಫೋನ್ ಮಾಡಿದ ಹಾಗೆ! ಆಮೇಲೆ ಎ ಬಿ ಸಿ ಡಿ ಹಾಡಿಸಿ. ಕೆ ಆದ ಮೇಲೆ ಐದು ಅಕ್ಷರಗಳು ಸೇರಿ 'ಎಲಮೆನೊಪಿ' ಅನ್ನುವ ಒಂದೇ ಅಕ್ಷರ ಆಗಿರುತ್ತದೆ. ಕಿವಿಗೆ ಬಿದ್ದ ನಾದವನ್ನು ಮಗು ಹಾಗೆಯೇ ಹಿಡಿದುಕೊಂಡಿದೆ. ಅರ್ಥ ಇನ್ನೂ ಒಳಗೆ ಹೋಗಿಲ್ಲ. ತಮಾಷೆ ಏನು ಅಂದರೆ, ಒಂದು ಬಾಯಿಪಾಠ ಕೇಳಿ ಮನೆಯವರು ಬೆಚ್ಚಿಬೀಳುತ್ತಾರೆ, ಇನ್ನೊಂದನ್ನು ನೆಂಟರ ಮುಂದೆ ನಿಲ್ಲಿಸಿ ಹೇಳಿಸುತ್ತಾರೆ.

ಬಾಯಿಪಾಠ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಶ್ಲೋಕ, ಹಾಡು, ಪ್ರಾರ್ಥನೆ, ಮಗ್ಗಿ ಎಲ್ಲವೂ ಮೊದಲು ಕಿವಿಯಿಂದಲೇ ಬರುತ್ತವೆ. ಬಾಯಿಪಾಠವನ್ನು ನಂಬಿಕೆ ಅಂತಲೋ ಓದು ಅಂತಲೋ ತಿಳಿದುಕೊಂಡರೆ ಮಾತ್ರ ತೊಂದರೆ.

ಈಗ ಅತ್ತೆಯವರ ವಿಷಯಕ್ಕೆ ಬರೋಣ. ಕ್ಯಾಥೊಲಿಕ್ ಶಾಲೆಯ ಎಲ್.ಕೆ.ಜಿ., ಯು.ಕೆ.ಜಿ.ಯಲ್ಲಿ ಧರ್ಮದ ಹೆಸರಿನಲ್ಲಿ ಹೇಳಿಕೊಡುವುದು ತುಂಬಾ ಸ್ವಲ್ಪ. ಬೆಳಿಗ್ಗೆ ಅಸೆಂಬ್ಲಿಯಲ್ಲಿ ಒಂದು ಪ್ರಾರ್ಥನೆ, ಡಬ್ಬಿ ತೆಗೆಯುವ ಮುಂಚೆ ಒಂದು, ಮನೆಗೆ ಹೊರಡುವಾಗ ಒಂದು. ದೇವರು ಸೂರ್ಯ, ಚಂದ್ರ, ಮೀನು, ಹಕ್ಕಿ ಮಾಡಿದ ಕಥೆ, ಅದಕ್ಕೊಂದು ಬಣ್ಣ ಹಚ್ಚುವ ಹಾಳೆ. ನೋಹನ ದೋಣಿ. ನೂರು ಕುರಿಗಳಲ್ಲಿ ತಪ್ಪಿಸಿಕೊಂಡ ಒಂದನ್ನು ಹುಡುಕಿಕೊಂಡು ಹೋದ ಕುರುಬನ ಕಥೆ. ಅಕ್ಟೋಬರ್ 2ರಂದು ಕಾವಲು ದೂತರ ಹಬ್ಬ, ಡಿಸೆಂಬರ್‌ನಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮತ್ತು ಕ್ರಿಸ್‌ಮಸ್ ನಾಟಕ. ಇದರ ಜೊತೆಗೆ ಥ್ಯಾಂಕ್ಯೂ ಹೇಳುವುದು, ಸಾರಿ ಕೇಳುವುದು, ಹಂಚಿಕೊಂಡು ತಿನ್ನುವುದು. ಹೆಚ್ಚಿನ ಶಾಲೆಗಳಲ್ಲಿ ಸ್ವಲ್ಪ ದೊಡ್ಡ ಕ್ಲಾಸಿಗೆ ಹೋದ ಮೇಲೆ ಕ್ಯಾಥೊಲಿಕ್ ಮಕ್ಕಳನ್ನು ಧರ್ಮದ ಪಾಠಕ್ಕೆ ಬೇರೆ ಕೂರಿಸುತ್ತಾರೆ. ಉಳಿದವರಿಗೆ ಅದೇ ಹೊತ್ತಿಗೆ ನೀತಿಪಾಠ.

ನಿಜವಾದ ಧರ್ಮೋಪದೇಶ ನಡೆಯುವುದು ಶಾಲೆಯಲ್ಲಿ ಅಲ್ಲ, ಚರ್ಚಿನಲ್ಲಿ. ಅದು ಭಾನುವಾರ, ಆ ಚರ್ಚಿಗೆ ಸೇರಿದ ಕುಟುಂಬಗಳ ಮಕ್ಕಳಿಗೆ. ಮೊದಲ ಪರಮಪ್ರಸಾದಕ್ಕೆ (ಫಸ್ಟ್ ಕಮ್ಯೂನಿಯನ್) ಮಗುವಿಗೆ ತಿಳಿವಳಿಕೆ ಬಂದಿರಬೇಕು ಅನ್ನುವುದು ಚರ್ಚಿನ ನಿಯಮ. ಆ ತಿಳಿವಳಿಕೆ ಬರುವ ವಯಸ್ಸು ಸುಮಾರು ಏಳು ಅಂತ 1910ರಲ್ಲಿ ಪೋಪ್ ಹತ್ತನೇ ಪಿಯುಸ್ ಹೇಳಿದರು. ನಮ್ಮಲ್ಲಿ ಅದಕ್ಕಿಂತಲೂ ಒಂದೆರಡು ವರ್ಷ ತಡವಾಗಿಯೇ ಕೊಡುತ್ತಾರೆ. ಅಂದರೆ ಕ್ಯಾಥೊಲಿಕ್ ಮನೆಯಲ್ಲೇ ಹುಟ್ಟಿದ ನಾಲ್ಕು ವರ್ಷದ ಮಗುವಿಗೂ ಧರ್ಮ ಅರ್ಥವಾಗಿದೆ ಅಂತ ಚರ್ಚೇ ಒಪ್ಪಲ್ಲ. ಹಾಗಿರುವಾಗ ನಿಮ್ಮ ಮಗಳಿಗೆ ಅರ್ಥವಾಗಿಬಿಟ್ಟಿದೆ ಅಂತ ನಾವ್ಯಾಕೆ ತಿಳಿಯಬೇಕು?

'ಪ್ರಾರ್ಥನೆ ಹೇಳಿದರೆ ಮತಾಂತರ ಆದ ಹಾಗೆ' ಅನ್ನುವ ಮಾತೂ ತಪ್ಪು. ಕ್ಯಾಥೊಲಿಕ್ ಆಗುವುದು ದೀಕ್ಷಾಸ್ನಾನದಿಂದ, ಅಂದರೆ ಬ್ಯಾಪ್ಟಿಸಂನಿಂದ. ಚಿಕ್ಕ ಮಗುವಿಗೆ ಅದನ್ನು ಕೊಡಬೇಕಾದರೆ ತಂದೆ ತಾಯಿಯಲ್ಲಿ ಒಬ್ಬರಾದರೂ ಒಪ್ಪಿರಬೇಕು, ಮಗುವನ್ನು ಆ ಧರ್ಮದಲ್ಲೇ ಬೆಳೆಸುತ್ತಾರೆ ಅನ್ನುವ ಭರವಸೆಯೂ ಇರಬೇಕು. ಇದು ಚರ್ಚಿನ ಕಾನೂನಿನ 868ನೇ ಕಲಮಿನಲ್ಲೇ ಇದೆ. ಅನ್ನದ ಮುಂದೆ ಕೈ ಮುಗಿದ ಮಾತ್ರಕ್ಕೆ ಯಾರೂ ಕ್ಯಾಥೊಲಿಕ್ ಆಗಲ್ಲ.

ಹಾಗಾದರೆ ಮಗು ಮನೆಯಲ್ಲಿ ಯಾಕೆ ಮಾಡುತ್ತದೆ? ಈ ವಯಸ್ಸಿನ ಕೆಲಸವೇ ನಕಲು ಮಾಡುವುದು. ರಾತ್ರಿ ಯಕ್ಷಗಾನದ ಆಟ ನೋಡಿ ಬಂದ ಮಗು ಮರುದಿನ ಟವೆಲ್ ಸುತ್ತಿಕೊಂಡು ಮಹಿಷಾಸುರನ ಹಾಗೆ ಅಟ್ಟಹಾಸ ಮಾಡಲ್ವಾ? ನಾವು ನಗುತ್ತೇವೆ, ಹೆದರಲ್ಲ. ಪ್ರಾರ್ಥನೆಯಲ್ಲಿ ಮೈಯ ಚಲನೆ ಇದೆ, ಎಲ್ಲರೂ ಒಟ್ಟಿಗೆ ಮಾಡುತ್ತಾರೆ, ಮುಗಿಸಿದ ಕೂಡಲೇ ತಿಂಡಿ ಸಿಗುತ್ತದೆ. ಮಗುವಿಗೆ ಅದು ಊಟ ಶುರು ಅನ್ನುವ ಗಂಟೆ. ಶ್ಲೋಕಕ್ಕೆ 'ಆಮೆನ್' ಸೇರಿಸುವುದೂ ಹೀಗೇ. ಪ್ರಾರ್ಥನೆ ಅಂದರೆ ಕೊನೆಗೆ ಆಮೆನ್ ಇರಬೇಕು ಅಂತ ಅವಳು ಒಂದು ವ್ಯಾಕರಣ ಕಂಡುಕೊಂಡಿದ್ದಾಳೆ. ಬುದ್ಧಿ ಚುರುಕಾಗಿದೆ ಅಂತ ಲೆಕ್ಕ.

ಇನ್ನೊಂದು ವಿಷಯ ಗಮನಿಸಿ. ಅವಳು ಶಿಲುಬೆಯ ಗುರುತು ಹಾಕುವುದು ಬಲಗೈಯಲ್ಲೋ ಎಡಗೈಯಲ್ಲೋ? ಟೀಚರ್ ಎದುರು ನಿಂತು ಬಲಗೈ ಎತ್ತಿದರೆ ಮಕ್ಕಳು ಕನ್ನಡಿಯ ಹಾಗೆ ಎಡಗೈ ಎತ್ತುತ್ತವೆ. ಅದಕ್ಕೇ ಅನುಭವ ಇರುವ ಟೀಚರ್ ಮಕ್ಕಳ ಮುಂದೆ ಬೇಕಂತಲೇ ಎಡಗೈಯಲ್ಲಿ ಹಾಕಿ ತೋರಿಸುತ್ತಾರೆ. ಎಡ ಬಲ ಈ ವಯಸ್ಸಿನಲ್ಲಿ ಇನ್ನೂ ಗಟ್ಟಿಯಾಗಿರಲ್ಲ. ಇದನ್ನು ನೆನಪಿಡಿ, ಓದಿನ ಮಾತಿಗೆ ಬಂದಾಗ ಬೇಕಾಗುತ್ತದೆ.

ಹಾಗಂತ ಎಲ್ಲ ಸರಿ, ಸುಮ್ನೆ ಇರಿ ಅಂತಲೂ ಹೇಳಲ್ಲ. 'ನಿಮ್ಮ ದೇವರು ದೇವರಲ್ಲ', 'ವಿಗ್ರಹಕ್ಕೆ ಕೈ ಮುಗಿದರೆ ಪಾಪ', 'ಪ್ರಸಾದ ತಿನ್ನಬೇಡ' ಅನ್ನುವ ಮಾತು ಮಗುವಿನ ಬಾಯಲ್ಲಿ ಬಂದರೆ, ಅಥವಾ ನರಕ, ಸೈತಾನ ಅಂತ ರಾತ್ರಿ ಹೆದರಿಕೊಂಡರೆ, ಅಲ್ಲಿ ಗೆರೆ ದಾಟಿದೆ ಅಂತ ಅರ್ಥ. ಎಲ್ಲೂ ಹೀಗೆ ನಡೆಯಲ್ಲ ಅಂತ ನಾನು ಹೇಳಲಾರೆ. ಅಂಥದ್ದು ಕಂಡರೆ ಅದೇ ವಾರ ಮುಖ್ಯೋಪಾಧ್ಯಾಯಿನಿಯ ಹತ್ತಿರ ನೇರವಾಗಿ ಮಾತಾಡಿ. ಕಾನೂನು ನಿಮ್ಮ ಕಡೆ ಇದೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ, ನಿಜ. ಆದರೆ ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ ಯಾವುದೇ ಇರಲಿ, ಚಿಕ್ಕ ಮಗುವನ್ನು ಪೋಷಕರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೋ ಪೂಜೆ ಪ್ರಾರ್ಥನೆಗೋ ಸೇರಿಸುವ ಹಾಗಿಲ್ಲ ಅಂತ 28(3) ಹೇಳುತ್ತದೆ. ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿ ಕೂಡ 2024ರಲ್ಲಿ ತನ್ನ ಶಾಲೆಗಳಿಗೆ ಮಾರ್ಗಸೂಚಿ ಕಳಿಸಿತ್ತು. ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಸಂಪ್ರದಾಯ ಹೇರಬೇಡಿ, ಅಸೆಂಬ್ಲಿಯಲ್ಲಿ ಸಂವಿಧಾನದ ಪ್ರಸ್ತಾವನೆ ಓದಿಸಿ ಅಂತ ಅದರಲ್ಲಿತ್ತು. (ಅಂಥ ಶಾಲೆಗಳ ಕ್ಯಾಥೊಲಿಕ್ ತಾಯಂದಿರು ನನಗೆ ಹೇಳುವ ದೂರು ಪೂರ್ತಿ ಉಲ್ಟಾ. 'ಸಿಸ್ಟರ್ ಶಾಲೆಗೆ ಹಾಕಿದರೂ ಮಗುವಿಗೆ ನಮಾನ್ ಮರಿಯೆ ಬರಲ್ಲ' ಅಂತ. ಅದು ಮರಿಯಮ್ಮನವರ ಕೊಂಕಣಿ ಪ್ರಾರ್ಥನೆ.)

ನಿಮ್ಮ ಮುಂದಿರುವ ದಾರಿಗಳಲ್ಲಿ ಸುಲಭದ್ದು, ಇದ್ದ ಹಾಗೇ ಬಿಟ್ಟು ಮನೆಯಲ್ಲಿ ಉತ್ತರ ಕೊಡುವುದು. 'ಶಾಲೆಯಲ್ಲಿ ಹೀಗೆ ಹೇಳ್ತಾರೆ, ನಮ್ಮನೇಲಿ ಅಜ್ಜಿ ಜೊತೆ ಹೀಗೆ ಹೇಳ್ತೇವೆ' ಅಂದರೆ ಮಗುವಿಗೆ ಸಾಕು. ಇಲ್ಲಿಯ ಮಕ್ಕಳಿಗೆ ಎರಡು ರೀತಿ ಹೊಸದೇನಲ್ಲ. ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಡಿಸೆಂಬರ್ 3ಕ್ಕೆ ಚಂದಾವರದ ಚರ್ಚಿನ ಹಬ್ಬಕ್ಕೆ ಬೇರೆ ಧರ್ಮದವರೂ ಹೋಗುತ್ತಾರೆ, ಮನೆಗೆ ಬಂದು ತಮ್ಮ ದೇವರಿಗೇ ದೀಪ ಹಚ್ಚುತ್ತಾರೆ. ಈ ದಾರಿಯ ಅಪಾಯ ಒಂದೇ, ದೊಡ್ಡವರು ಮಗುವಿನ ಎದುರೇ ಜಗಳ ಆಡುವುದು. ಊಟದ ತಟ್ಟೆಯ ಮುಂದೆ ಬೈಸಿಕೊಂಡ ಮಗು ಪ್ರಾರ್ಥನೆ ಬಿಡಲ್ಲ, ಕದ್ದು ಮಾಡಲು ಕಲಿಯುತ್ತದೆ. ಅಥವಾ ಶಾಲೆಯ ಸುದ್ದಿ ಹೇಳುವುದನ್ನೇ ನಿಲ್ಲಿಸುತ್ತದೆ. ಅದು ಶಿಲುಬೆ ಗುರುತಿಗಿಂತ ದೊಡ್ಡ ನಷ್ಟ.

ಶಾಲೆಗೆ ಪತ್ರ ಬರೆದು ಪ್ರಾರ್ಥನೆಯಿಂದ ಬಿಡುವು ಕೇಳಬಹುದು. ಹಕ್ಕು ಇದೆ ಅಂತ ಆಗಲೇ ಹೇಳಿದೆ. ಆದರೆ ನಾಲ್ಕೂವರೆ ವರ್ಷದ ಮಗುವನ್ನು ದಿನಾ ಸಾಲಿನಿಂದ ಎತ್ತಿ ಆಯಾ ಪಕ್ಕ ಕೂರಿಸಿದರೆ ಅದಕ್ಕೆ ಗೊತ್ತಾಗುವುದು ಒಂದೇ, ತನಗೆ ಶಿಕ್ಷೆ ಆಗಿದೆ ಅಂತ. ಅದರ ಬದಲು, ಸಾಲಿನಲ್ಲೇ ಸುಮ್ಮನೆ ಕೈ ಮುಗಿದು ನಿಲ್ಲಲಿ, ಶಿಲುಬೆ ಗುರುತು ಕಡ್ಡಾಯ ಮಾಡಬೇಡಿ ಅಂತ ಕೇಳಿ. ಒಳ್ಳೆಯ ಶಾಲೆ ಇದಕ್ಕೆ ಒಪ್ಪುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಈ ವಿಷಯ ಎತ್ತಬೇಡಿ. ಅಲ್ಲಿ ಮಗುವಿನ ವಿಷಯ ಒಂದು ಬಿಟ್ಟು ಉಳಿದ ಎಲ್ಲ ಚರ್ಚೆ ಆಗುತ್ತದೆ. ಶಾಲೆ ಬದಲಿಸುವುದು ಕೊನೆಯ ದಾರಿ. ಮಾಡುವುದೇ ಆದರೆ ವರ್ಷದ ನಡುವೆ ಬೇಡ.

ಇನ್ನು ನಿಮ್ಮ ಚಿಂತೆ. ಇದು ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ.

ಮೊದಲು ಅಳತೆಗೋಲು ಸರಿ ಮಾಡಿಕೊಳ್ಳೋಣ. ಕೇಂದ್ರ ಸರ್ಕಾರ 2021ರಲ್ಲಿ ಶುರುಮಾಡಿದ ನಿಪುಣ್ ಭಾರತ್ ಕಾರ್ಯಕ್ರಮದ ಪ್ರಕಾರ, ಒಂದನೇ ಕ್ಲಾಸಿಗೆ ಹೋಗುವ ಹಿಂದಿನ ವರ್ಷ, ಅಂದರೆ ಐದರಿಂದ ಆರು ವಯಸ್ಸಿನಲ್ಲಿ, ಮಗು ಅಕ್ಷರ ಮತ್ತು ಅದರ ಶಬ್ದ ಗುರುತಿಸಬೇಕು, ಎರಡು ಮೂರು ಅಕ್ಷರದ ಸರಳ ಪದ ಓದಬೇಕು. ಅಷ್ಟೇ. ನಾಲ್ಕೈದು ಪದಗಳ ಹೊಸ ವಾಕ್ಯ ಓದುವುದು ಒಂದನೇ ಕ್ಲಾಸಿನ ಗುರಿ. ನಿಮ್ಮ ಮಗಳು ಇನ್ನೂ ಎಲ್.ಕೆ.ಜಿ. ಅವಳು ಹಿಂದೆ ಬಿದ್ದಿಲ್ಲ. ಪಕ್ಕದ ಮನೆ ಹುಡುಗ ಮುಂದಿರಬಹುದು, ಅಥವಾ ಅವನದ್ದೂ ಬಾಯಿಪಾಠ ಇರಬಹುದು. ಅವನಿಗೆ ಪರೀಕ್ಷೆ ಮಾಡಲು ಹೋಗಬೇಡಿ ಮತ್ತೆ!

ಪ್ರಾರ್ಥನೆ ಓದಿನ ಸಮಯ ತಿನ್ನುತ್ತದೆ ಅನ್ನುವುದೂ ಸರಿಯಲ್ಲ. ದಿನಕ್ಕೆ ಹೋಗುವುದು ಕೆಲವೇ ನಿಮಿಷ. ನನ್ನ ಅನುಭವದಲ್ಲಿ ಸಮಯ ತಿನ್ನುವುದು ನಾಲ್ಕು ಗೆರೆಯ ಪುಸ್ತಕ. ಒಂದೇ ಅಕ್ಷರವನ್ನು ಪುಟಗಟ್ಟಲೆ ಬರೆಸುತ್ತಾರೆ. ಬೆರಳಿನ ಸಣ್ಣ ಸ್ನಾಯುಗಳು ಇನ್ನೂ ಬಲಿತಿರುವುದಿಲ್ಲ. ಮಗು ಪೆನ್ಸಿಲ್ ಒತ್ತಿ ಹಿಡಿದು, ನಾಲಿಗೆ ಕಚ್ಚಿಕೊಂಡು ಬರೆದು ಮುಗಿಸುತ್ತದೆ. ಆ ಹೊತ್ತಿಗೆ ಅಕ್ಷರದ ಶಬ್ದ ಏನು ಅನ್ನುವುದು ತಲೆಯಲ್ಲೇ ಇರಲ್ಲ.

ಓದು ಬಾರದಿರಲು ನಮ್ಮ ಕಡೆ ನಾನು ಕಂಡ ದೊಡ್ಡ ಕಾರಣ ಬೇರೆ ಇದೆ. ಮಕ್ಕಳಿಗೆ ಇಂಗ್ಲಿಷ್ ಅಕ್ಷರದ ಹೆಸರು ಕಲಿಸುತ್ತೇವೆ, ಶಬ್ದ ಕಲಿಸುವುದಿಲ್ಲ. 'ಪಿ, ಐ, ಎನ್' ಅಂತ ಹೆಸರು ಕೂಗಿದರೆ 'ಪಿನ್' ಹೇಗೆ ಬರಬೇಕು? 'ಪಿಐಎನ್' ಅಂತಲೇ ಬರುತ್ತದೆ. ಶಬ್ದ ಕಲಿಸುವ ಟೀಚರ್‌ಗಳಲ್ಲೂ ಕನ್ನಡದವರಿಗೆ ಒಂದು ತೊಡಕಿದೆ. ನಮ್ಮ ವ್ಯಂಜನದಲ್ಲಿ 'ಅ' ಕೂತೇ ಇರುತ್ತದೆ. ಹಾಗಾಗಿ 'ಪ, ಇ, ನ' ಅನ್ನುತ್ತೇವೆ. ಕೂಡಿಸಿದರೆ 'ಪಇನ' ಆಗುತ್ತದೆ. ಬಾಯಿ ಬೇಗ ಮುಚ್ಚಿ 'ಪ್, ಇ, ನ್' ಅನ್ನಬೇಕು. ಇದೊಂದನ್ನು ತಿದ್ದಿದರೆ ಎಷ್ಟೋ ಮಕ್ಕಳು ಓದಲು ಶುರುಮಾಡುವುದನ್ನು ನೋಡಿದ್ದೇನೆ.

ಎ ಇಂದ ಝಡ್ ತನಕ ಸಾಲಾಗಿ ಹೋಗಬೇಕು ಅಂತಲೂ ಇಲ್ಲ. ಎಸ್, ಎ, ಟಿ, ಪಿ, ಐ, ಎನ್, ಈ ಆರು ಅಕ್ಷರದ ಶಬ್ದ ಬಂದರೆ ಸಾಕು, ಸ್ಯಾಟ್, ಪಿನ್, ಟಿನ್, ಟ್ಯಾಪ್, ಸಿಪ್ ಎಲ್ಲ ಓದಬಹುದು. ನಮ್ಮ ಸರ್ಕಾರಿ ಶಾಲೆಯ ಒಂದನೇ ಕ್ಲಾಸಿನಲ್ಲಿ 'ರ ಗ ಸ ದ ಅ' ಮೊದಲು ಕಲಿಸುವುದೂ ಇದೇ ಉಪಾಯ. ಐದೇ ಅಕ್ಷರ, ಆಗಲೇ ಸರ, ಅರಸ, ಅಗಸ, ದಸರ ಸಿಕ್ಕಿತು. ಇಂಗ್ಲಿಷ್ ಮೀಡಿಯಂ ಪೋಷಕರಿಗೆ ಈ ಪುಸ್ತಕ ಕಂಡರೆ ಅಸಡ್ಡೆ. ಆದರೆ ಕ್ರಮ ಅದರಲ್ಲೇ ಚೆನ್ನಾಗಿದೆ.

ಕನ್ನಡಕ್ಕೆ ತಾಳ್ಮೆ ಜಾಸ್ತಿ ಬೇಕು. ಅಕ್ಷರಮಾಲೆಯಲ್ಲಿ 49 ಅಕ್ಷರ. ಕಾಗುಣಿತ ಸೇರಿದರೆ 500ಕ್ಕೂ ಹೆಚ್ಚು ರೂಪ. ಒತ್ತಕ್ಷರ ಬೇರೆ. ಕನ್ನಡ ಅಕ್ಷರಗಳ ಮೇಲೆ ಮಕ್ಕಳಿಗೆ ಹಿಡಿತ ಬರುವುದು ನಾಲ್ಕನೇ ಕ್ಲಾಸಿನ ತನಕವೂ ಮುಂದುವರಿಯುತ್ತದೆ ಅಂತ ಸಂಶೋಧಕಿ ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಯು.ಕೆ.ಜಿ.ಯಲ್ಲಿ ಒತ್ತಕ್ಷರ ಬರೆಸುವವರು ಇದನ್ನು ನೋಡಬೇಕಿತ್ತು.

ಮನೆಯಲ್ಲಿ ಇಂಗ್ಲಿಷ್ ಮಾತಾಡಬೇಕಾ ಅಂತ ಕೇಳಿದ್ದೀರಿ. ಬೇಡ. ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಮಾತು, ಕಥೆ ಜಾಸ್ತಿ ಆದಷ್ಟೂ ಓದು ಗಟ್ಟಿಯಾಗುತ್ತದೆ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಎಂಟು ವರ್ಷದ ತನಕ ಮನೆಮಾತಿಗೆ ಒತ್ತು ಕೊಡುತ್ತದೆ. ನಿಮ್ಮ ಮನೆಯಲ್ಲಿ ಇದಕ್ಕೆ ಸರಿಯಾದ ಟೀಚರ್ ನಿಮ್ಮ ಅತ್ತೆ. ಅವರಿಗೆ ಸಿರ್ಸಿ ಕಡೆಯ ಕಥೆ, ಒಗಟು, ಶ್ಲೋಕ ಗೊತ್ತಿರುತ್ತದೆ. ರಾತ್ರಿ ಒಂದು ಕಥೆ ಹೇಳಿ, ಮರುದಿನ ಮಗುವಿನ ಬಾಯಲ್ಲೇ ವಾಪಸ್ ಹೇಳಿಸಲಿ. ತಪ್ಪು ಹೇಳಿದರೆ ತಿದ್ದುವುದು ಬೇಡ, 'ಆಮೇಲೇನಾಯ್ತು?' ಅಂತ ಕೇಳಿದರೆ ಸಾಕು. ನೀವು ಅಡುಗೆ ಮಾಡುವಾಗ ಶಬ್ದದ ಆಟ ಆಡಿ: 'ಬ' ಅಂತ ಶುರುವಾಗುವ ವಸ್ತು ಏನೇನಿದೆ? ಬಟ್ಟಲು, ಬಸ್ಸು, ಬಂಗಡೆ. ನಿಮ್ಮ ಮನೆಯಲ್ಲಿ ಬಂಗಡೆ ನಡೆಯಲ್ಲ ಅಂದರೆ ಬದನೆಕಾಯಿ.

ಅಕ್ಷರಕ್ಕೆ ಮರಳು ಕಾಗದ ತನ್ನಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅಕ್ಷರದ ಆಕಾರಕ್ಕೆ ಕತ್ತರಿಸಿ ರಟ್ಟಿಗೆ ಅಂಟಿಸಿ. ಮಗು ಎರಡು ಬೆರಳಲ್ಲಿ ಸವರುತ್ತಾ ಶಬ್ದ ಹೇಳಲಿ. ಇದು ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ ಕೊಟ್ಟ ವಿಧಾನ. ಆಕೆ ಕ್ಯಾಥೊಲಿಕ್, 1939ರಿಂದ 1946ರ ತನಕ ಭಾರತದಲ್ಲೇ ಇದ್ದು ಇಲ್ಲಿಯ ಟೀಚರ್‌ಗಳಿಗೆ ತರಬೇತಿ ಕೊಟ್ಟವರು. ಆಕೆಯ ದಾರಿಯಲ್ಲೇ 1954ರಲ್ಲಿ ರೋಮ್‌ನಲ್ಲಿ ಸೋಫಿಯಾ ಕವಲೆತ್ತಿ ಮತ್ತು ಜಿಯಾನ್ನಾ ಗೊಬ್ಬಿ ಎಂಬ ಇಬ್ಬರು ಚಿಕ್ಕ ಮಕ್ಕಳಿಗೆ ಧರ್ಮ ಕಲಿಸುವ ಒಂದು ಕ್ರಮ ಶುರುಮಾಡಿದರು. ಅಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಪಾಠ ಒಪ್ಪಿಸುವ ಕೆಲಸ ಇಲ್ಲ. ಕುರುಬ, ಕುರಿ, ಕೊಟ್ಟಿಗೆಯ ಪುಟ್ಟ ಗೊಂಬೆಗಳಿವೆ. ಮಗು ಕಥೆ ಕೇಳಿ ಅವುಗಳನ್ನು ತಾನೇ ಸರಿಸಿ ನೋಡುತ್ತದೆ. ಧರ್ಮ ಕಲಿಸುವವರೇ ಬಾಯಿಪಾಠ ಸಾಲದು ಅಂದಿದ್ದಾರೆ. ಓದು ಕಲಿಸುವವರೂ ಹಾಗೇ ಅಂದರೆ ಚೆನ್ನಾಗಿತ್ತು. ನಿಮ್ಮ ಮುಂದಿನ ಪೋಷಕರ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದೇ: ಇಲ್ಲಿ ಅಕ್ಷರದ ಹೆಸರು ಕಲಿಸ್ತೀರಾ, ಶಬ್ದ ಕಲಿಸ್ತೀರಾ?

ಟ್ಯೂಷನ್ ಈಗ ಬೇಡ. ಶಾಲೆಯಲ್ಲಿ ಮಾಡಿದ ಬಾಯಿಪಾಠವನ್ನೇ ಅಲ್ಲೂ ಮಾಡಿಸುತ್ತಾರೆ, ಮಗುವಿನ ಸಂಜೆಯ ಆಟ ಹೋಗುತ್ತದೆ.

ಸಣ್ಣ ಬಿ ಮತ್ತು ಡಿ ಅದಲು ಬದಲಾದರೆ ಗಾಬರಿ ಆಗಬೇಡಿ. ಎಡಗೈ ಶಿಲುಬೆಯ ಕಾರಣವೇ ಇದಕ್ಕೂ. ಏಳು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ತಾನೇ ಸರಿಯಾಗುತ್ತದೆ. ನಾನು ಗಮನ ಕೊಡುವುದು ಬೇರೆ ಗುರುತುಗಳಿಗೆ. ಹಿಂದಿನಿಂದ ಕರೆದರೆ ತಿರುಗಿ ನೋಡಲ್ಲ, ಮನೆಮಾತಿನಲ್ಲೇ ವಾಕ್ಯ ಜೋಡಿಸಲು ಕಷ್ಟ, ಪ್ರಾಸ ಎಷ್ಟು ಆಡಿಸಿದರೂ ಹಿಡಿಯಲ್ಲ, ಮನೆಯಲ್ಲಿ ಬೇರೆ ಯಾರಿಗಾದರೂ ಓದು ತುಂಬಾ ಕಷ್ಟ ಆಗಿತ್ತು. ಹೀಗಿದ್ದರೆ ಮೊದಲು ಕಿವಿ ತೋರಿಸಿ. ನಮ್ಮ ಮಳೆಗಾಲದ ಶೀತಕ್ಕೆ ಕಿವಿಯ ಒಳಗೆ ನೀರು ತುಂಬಿ ವಾರಗಟ್ಟಲೆ ಕೇಳುವುದು ಮಂದವಾಗುತ್ತದೆ. ನೋವಿಲ್ಲದ್ದರಿಂದ ಯಾರಿಗೂ ಗೊತ್ತಾಗಲ್ಲ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಹೋದರೆ ಆಯಿತು. ಡಿಸ್ಲೆಕ್ಸಿಯಾದಂಥ ಓದಿನ ನ್ಯೂನತೆಯ ಪ್ರಮಾಣಪತ್ರ ನಮ್ಮ ದೇಶದಲ್ಲಿ ಎಂಟು ವರ್ಷ ಆಗುವ ಮೊದಲು ಕೊಡುವುದೇ ಇಲ್ಲ. ನಾಲ್ಕೂವರೆ ವರ್ಷದ ಮಗುವನ್ನು ಅರ್ಧ ಗಂಟೆ ನೋಡಿ 'ಡಿಸ್ಲೆಕ್ಸಿಯಾ ಇದೆ, ಕೋರ್ಸ್ ತಗೊಳ್ಳಿ' ಅನ್ನುವವರು ಸಿಕ್ಕರೆ ದುಡ್ಡು ಕೊಡಬೇಡಿ.